ಮರಳು ಇಳಿಯುವಷ್ಟು ಹೊತ್ತು

ಗುರುಸಿದ್ದಮ್ಮ ಇವತ್ತೂ ಬಾಯಿ ಬಿಡಲಿಲ್ಲ. ಗಾಜಿನ ಬುರುಡೆಯ ಮರಳು ಪೂರ್ತಿ ಇಳಿಯುವವರೆಗೂ ನಿಂತಿದ್ದು, "ಆಯ್ತು ಸಾ" ಎಂದು ಹಿಂದೆ ಸರಿದಳು.

ಇದು ಇಪ್ಪತ್ತಾರನೆಯ ದಿನ. ಬಸವಪ್ರಸಾದ್ ಎಣಿಸುತ್ತಲೇ ಬಂದಿದ್ದರು.

ನಂಜನಗೂಡಿನ ಹತ್ತಿರ, ತಾಂಡ್ಯದ ಅರಿಶಿನ ಪುಡಿ ಕಾರ್ಖಾನೆಗೆ ಅವರು ಮೇಲ್ವಿಚಾರಕರು. ಹಿಂದೆ ಬೆಳಗಿನ ಮೀಟಿಂಗ್ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅದರಲ್ಲಿ ನಲವತ್ತು ನಿಮಿಷ ಅವರೇ ಮಾತಾಡುತ್ತಿದ್ದರು ಎಂಬುದು ಅವರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಮೈಸೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದವರು ಮೊದಲು ಕುರ್ಚಿಗಳನ್ನು ಗೋಡೌನಿಗೆ ಸಾಗಿಸಿದರು. ಇನ್ನು ಮೇಲೆ ನಿಂತೇ ಮೀಟಿಂಗ್. ಎಂಟು ಜನ, ಮೂರು ಪ್ರಶ್ನೆ: ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡ್ಡಿ ಏನಾದರೂ ಇದೆಯೇ. ಒಬ್ಬರಿಗೆ ಒಂದೇ ನಿಮಿಷ. ಅಳೆಯಲು ಮರಳಿನ ಗಡಿಯಾರ. ಒಳಗಿನ ಮರಳನ್ನು ತಲಕಾಡಿನಿಂದ ತಾವೇ ತಂದು ತುಂಬಿದ್ದರು. ಊರಿಗೆ ಊರನ್ನೇ ಮುಚ್ಚಿದ ಮರಳಿಗೆ ಎಂಟು ಜನರ ಬಾಯಿ ಮುಚ್ಚುವುದು ಕಷ್ಟವಾಗಲಿಲ್ಲ.

ಮೊದಲ ದಿನ ಗುರುಸಿದ್ದಮ್ಮ ಮಾತಾಡಿದ್ದಳು. ಹದಿನಾರು ಎಂಬ ಊರಿನಿಂದ ಏಳು ಗಂಟೆಯ ಬಸ್ಸಿಗೆ ಬಂದು, ದೊಡ್ಡ ಡ್ರೈಯರ್ ಬುಡದಲ್ಲಿ ನಿಂತು ಅರಿಶಿನ ಸುರಿಯುವ ಕೆಲಸ ಅವಳದು.

"ಸಾ, ಒಂದು ತೊಂದ್ರೆ ಅದೆ."

"ಏನು?"

"ಅದು ಬಾಯಲ್ಲಿ ಏಳೋ ಅಂತದ್ದಲ್ಲ ಸಾ. ನೀವೇ ಒಂದ್ಗಳಿಗೆ ಬಂದು..."

ಮರಳು ಮುಗಿಯಿತು.

"ಬಾಯಲ್ಲಿ ಹೇಳೋಕೆ ಬರದೇ ಇದ್ರೆ ಅದು ತೊಂದರೆ ಅಲ್ಲ ಕಣಮ್ಮ, ಅನುಮಾನ" ಎಂದರು ಬಸವಪ್ರಸಾದ್. ಸಂಜೆ ಫಿಟ್ಟರ್ ಕುಮಾರ ಹೆಡ್ಡಾಫೀಸಿನ ನಂಬರು ಹುಡುಕುತ್ತಿದ್ದಾನೆಂದು ಅವರ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಗೋಡೆಯ ಮೇಲೆ ನೋಟಿಸು: ಹೆಡ್ಡಾಫೀಸಿಗೆ ಹೋಗುವ ವಿಷಯ ಯಾವುದೇ ಇರಲಿ, ಮೇಲ್ವಿಚಾರಕರ ಮೂಲಕವೇ ಹೋಗತಕ್ಕದ್ದು.

ಅವತ್ತಿನಿಂದ ಈ ಮೌನ.

ಅದಕ್ಕೊಂದು ಕ್ರಮವೂ ಇತ್ತು. ಏಳನೆಯವನಾದ ಕುಮಾರ, "ನನ್ ಅಡ್ಡಿನೂ ಗುರುಸಿದ್ದಕ್ಕಂದೇ ಸಾ, ಅವ್ರೇ ಏಳ್ತಾರೆ" ಎನ್ನುತ್ತಿದ್ದ. ಕೊನೆಯವಳಾದ ಗುರುಸಿದ್ದಮ್ಮ ಗೋಡೆಯ ಫ್ಯಾನ್ ಆರಿಸಿ, ಬಸವಪ್ರಸಾದರ ಬೆನ್ನ ಹಿಂದೆ ಡ್ರೈಯರ್ ಕಡೆಗಿದ್ದ ಬಾಗಿಲು ತೆರೆದು, ಕೈಕಟ್ಟಿ ನಿಲ್ಲುತ್ತಿದ್ದಳು. ಮುದುಕ ಬೆಟ್ಟಯ್ಯ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಯಾರೂ ಕೆಮ್ಮುತ್ತಲೂ ಇರಲಿಲ್ಲ.

"ಯಾರು ಸತ್ರು ಅಂತ ಈ ಮೌನಾಚರಣೆ?" ಎಂದು ಬಸವಪ್ರಸಾದ್ ಒಮ್ಮೆ ಬೆಟ್ಟಯ್ಯನನ್ನು ಕೇಳಿದ್ದರು.

"ಇನ್ನೂ ಯಾರೂ ಸತ್ತಿಲ್ಲ ಸಾ."

ಧಿಕ್ಕಾರವೆಂದು ಅವರಿಗೆ ಖಾತ್ರಿಯಾಯಿತು. ಆದರೂ ಒಂದು ನಿಮಿಷವನ್ನು ಹಾಳುಮಾಡುವವರಲ್ಲ ಅವರು. ಗುರುಸಿದ್ದಮ್ಮನ ಆ ನಿಮಿಷದಲ್ಲೇ ಫೋನ್ ಬಾಯಿಗೆ ಹಿಡಿದು ಹೆಡ್ಡಾಫೀಸಿನ ಬಿಂದುಶ್ರೀ ಮೇಡಂಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. "ಗುಡ್ ಮಾರ್ನಿಂಗ್ ಮೇಡಂ. ಮೀಟಿಂಗ್ ಎಂಟೇ ನಿಮಿಷ. ಅಡ್ಡಿ ಸೊನ್ನೆ." ಕಳಿಸಿದ್ದನ್ನು ತಾವೇ ಒಮ್ಮೆ ಹಾಕಿ ಕೇಳುತ್ತಿದ್ದರು. ತಮ್ಮ ದನಿ ಕೇಳುವಾಗ ಅವರಿಗೆ ಬೇರೇನೂ ಕೇಳುತ್ತಿರಲಿಲ್ಲ.

ಶುಕ್ರವಾರ ಉತ್ತರ ಬಂತು. "ನಿಮ್ಮ ಮೆಸೇಜುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ನಾನೇ ಬರುತ್ತೇನೆ. ಫಿಟ್ಟರ್ ರಜೆ ಹಾಕದಂತೆ ನೋಡಿಕೊಳ್ಳಿ."

ಮ್ಯಾನೇಜರ್ ಹುದ್ದೆ ಮೂರು ತಿಂಗಳಿಂದ ಖಾಲಿ ಬಿದ್ದಿತ್ತು. ಬಸವಪ್ರಸಾದ್ ಎರಡು ಕೆಲಸ ಮಾಡಿದರು. ನಂಜನಗೂಡಿನ ಅಂಗಡಿಯಲ್ಲಿ ಒಂದು ಶಾಲು, ಹಾರ ಹೇಳಿದರು. ತಮ್ಮನ್ನು ಸನ್ಮಾನಿಸುವುದು ಬೇರೆ ಯಾರಿಗೂ ಹೊಳೆಯದೇ ಹೋದರೆ ಎಂದು. ಆಮೇಲೆ ಗುರುಸಿದ್ದಮ್ಮನನ್ನು ಕೆಲಸದಿಂದ ತೆಗೆಯುವ ಪತ್ರ ಬರೆದು ಜೇಬಿಗಿಟ್ಟುಕೊಂಡರು. ಕಾರಣ: ಸಭೆಯಲ್ಲಿ ನಿರಂತರ ಅಸಹಕಾರ. ಮೇಡಂ ಸಹಿ ಒಂದು ಬಾಕಿ.

ಸೋಮವಾರ. ಏಳು ಜನರ ಸರದಿ ಸರಾಗವಾಗಿ ಮುಗಿಯಿತು. ಗುರುಸಿದ್ದಮ್ಮ ಫ್ಯಾನ್ ಆರಿಸಿದಳು. ಬಾಗಿಲು ತೆರೆದಳು. ಮರಳು ಇಳಿಯತೊಡಗಿತು.

"ನೋಡಿ ಮೇಡಂ, ಇದೇ ಹೆಂಗಸು. ದಿನಾ ಹೀಗೇ..."

"ಒಂದು ನಿಮಿಷ ಸುಮ್ಮನಿರಿ" ಎಂದರು ಬಿಂದುಶ್ರೀ.

ಬಸವಪ್ರಸಾದರಿಗೆ ಅದು ಬಹಳ ಉದ್ದದ ನಿಮಿಷ. ಮರಳು ಮುಗಿಯುವ ಮೊದಲೇ ಮೇಡಂ ತಮ್ಮ ಫೋನಿನಲ್ಲಿ ಒಂದು ಮೆಸೇಜ್ ಹಾಕಿದರು. "ಅಡ್ಡಿ ಸೊನ್ನೆ" ಎಂದಿತು ಬಸವಪ್ರಸಾದರ ದನಿ. ಅದರ ಹಿಂದೆ, ದೂರದಲ್ಲಿ, ಜೀರುಂಡೆಯಂಥ ಕಿರ್ರೆನ್ನುವ ಸದ್ದು. "ಇದು ಮೊದಲ ವಾರದ್ದು." ಇನ್ನೊಂದು ಹಾಕಿದರು. ಅದೇ ಮಾತು, ಅದೇ ಸೊನ್ನೆ. ಹಿಂದೆ ಕಬ್ಬಿಣ ಕಬ್ಬಿಣವನ್ನು ತಿನ್ನುವ ಕಿರುಚಾಟ. "ಇದು ಶುಕ್ರವಾರದ್ದು. ಮೊದಲು ಆ ಡ್ರೈಯರ್ ನಿಲ್ಲಿಸಿ."

ಕುಮಾರ ಆಗಲೇ ಹೊರಟಿದ್ದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಬಿಚ್ಚಿದಾಗ ಬೇರಿಂಗ್ ಮೂರು ಚೂರಾಗಿ ಕೈಗೆ ಬಂತು. "ಇನ್ನೆಲ್ಡು ದಿನ ಓಡಿದ್ರೆ ಡ್ರಮ್ಮು ಕಳಚ್ಕಂಡು ಅಕ್ಕನ ಮ್ಯಾಲೇ ಕೂರೋದು ಮೇಡಂ" ಎಂದ ಕುಮಾರ.

"ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ?" ಮೇಡಂ ಕೇಳಿದರು.

ಬಸವಪ್ರಸಾದರಿಗೆ ಕೊನೆಗೂ ಹಿಡಿದುಕೊಳ್ಳಲು ಒಂದು ಕೊಂಬೆ ಸಿಕ್ಕಿತು. ಜೇಬಿನ ಪತ್ರವನ್ನು ಮುಟ್ಟಿ ನೋಡಿಕೊಂಡು ಗುರುಸಿದ್ದಮ್ಮನತ್ತ ತಿರುಗಿದರು. "ಅದನ್ನೇ ನಾನೂ ಕೇಳೋದು. ದಿನಾ ಒಂದೊಂದು ನಿಮಿಷ ಕೊಟ್ಟಿದ್ದೆ. ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

ಗುರುಸಿದ್ದಮ್ಮ ಗೋಡೆಯ ನೋಟಿಸನ್ನು ನೋಡಿದಳು. ಆಮೇಲೆ ಬಸವಪ್ರಸಾದರ ಕೈಯಲ್ಲಿದ್ದ ಫೋನನ್ನು.

"ಎಲ್ಲಾ ನಿಮ್ ಮೂಲಕನೇ ಓಗ್ಬೇಕು ಅಂದಿದ್ರಲ್ಲ ಸಾ, ನೀವು ಫೋನು ಬಾಯಿಗಿಟ್ಟಾಗ ನಾವೆಲ್ಲ ಉಸ್ರು ಬಿಗಿಹಿಡ್ಕಂಡು ಅಂಗೇ ಕಳುಸ್ತಿದ್ದೊ."