ಹೆಸರಿಗಷ್ಟೇ ಸ್ಕೂಟರ್

ಮೂವತ್ತು ವರ್ಷ ಬೌದ್ಧ ದರ್ಶನದ ಪಾಠ ಮಾಡಿ ದಣಿದಿದ್ದ ಮೇಷ್ಟ್ರು, ಹೆಂಡತಿ ತೀರಿಹೋದ ತಿಂಗಳಿಗೆ ತಮ್ಮ ಹಳೆಯ ಸ್ಕೂಟರನ್ನು ಗುಜರಿಗೆ ತಂದುಬಿಟ್ಟರು.

"ಇನ್ನೂ ಚೆನ್ನಾಗಿ ಓಡ್ತದಲ್ಲ ಸಾರ್, ಯಾಕೆ ಕೊಡ್ತೀರಿ?" ಎಂದ ಗುಜರಿಯವನು.

"ಚಕ್ರ ಸ್ಕೂಟರಲ್ಲ, ಹ್ಯಾಂಡಲ್ಲೂ ಸ್ಕೂಟರಲ್ಲ. ಎಲ್ಲ ಕೂಡಿದ್ದಕ್ಕೆ ನಾವಿಟ್ಟ ಹೆಸರಷ್ಟೇ ಅದು. ಅಂಟಿಕೊಂಡ್ರೇ ದುಃಖ ಕಣಪ್ಪ," ಎಂದು ಹೇಳಿ ಮೇಷ್ಟ್ರು ನಡೆದೇ ಮನೆಗೆ ಹೋದರು.

ಎರಡೇ ದಿನಕ್ಕೆ ಕಾಲೆಳೆದುಕೊಂಡು ಮತ್ತೆ ಬಂದರು.

"ನನ್ನ ಸ್ಕೂಟರ್ ಎಲ್ಲಿ?"

"ಬಿಚ್ಚಿ ಹಾಕ್ಬಿಟ್ಟೆ ಸಾರ್. ಚಕ್ರ ಅಲ್ಲಿದೆ, ಹ್ಯಾಂಡಲ್ ಇಲ್ಲಿದೆ. ಸ್ಕೂಟರ್ ಅಂತ ಈಗ ಏನೂ ಇಲ್ಲ. ನೀವೇ ಹೇಳಿದ್ರಲ್ಲ."

ಮೇಷ್ಟ್ರು ಆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದೊಂದೇ ಭಾಗವನ್ನು ಸರಿಸಿ ನೋಡುತ್ತಾ ಮೆಲ್ಲಗೆ ಕೇಳಿದರು:

"ಹಿಂದಿನ ಸೀಟು ಯಾರಿಗೂ ಕೊಟ್ಟಿಲ್ಲ ತಾನೆ?"