ಬಣವಿಗೆ ಬಿದ್ದ ಬೆಂಕಿ

ಮೊಮ್ಮಗಳು ಮದುವೆಯ ಕತೆ ಕೇಳಿದ್ದೇ ತಡ, ದ್ಯಾಮಪ್ಪ ಅಂಗೈಯ ಸುಟ್ಟ ಕಲೆ ತೋರಿಸಿದ.

"ನಿಮ್ಮಜ್ಜಿ ತವರುಮನಿ ಹುಲ್ಲಿನ ಬಣವಿಗೆ ಬೆಂಕಿ ಬಿದ್ದಿತ್ತು. ಎಲ್ಲಾರಿಗಿಂತ ಮೊದಲು ಓಡಿ ಹೋಗಿ ಆರಿಸಿದಾಂವ ನಾನ. ಮೆಚ್ಚಿ ಅವರಪ್ಪ ಮಗಳನ್ನ ಕೊಟ್ಟ."

ಶೇಂಗಾ ಸುಲಿಯುತ್ತಿದ್ದ ಹೆಂಡತಿ ಈರವ್ವ ತಲೆ ಎತ್ತದೆಯೇ ಕೇಳಿದಳು.

"ನಿಮ್ಮ ಮನಿ ಇದ್ದದ್ದು ಊರ ಆ ತುದಿಗೆ. ಯಾರೂ ಕೂಗೂದಕ್ಕಿಂತ ಮೊದಲ ತುಂಬಿದ ಕೊಡ ಹೊತ್ಕೊಂಡು ನಮ್ಮ ಹಿತ್ತಲಕ್ಕ ಹೆಂಗ ಬಂದ್ರಿ?"

ದ್ಯಾಮಪ್ಪ ಮೀಸೆ ತಿರುವಿದ. ಮೊಮ್ಮಗಳು ಅವನ ಮುಖವನ್ನೇ ನೋಡಿದಳು.

"ಅಜ್ಜಾ, ನೀನ ಹಚ್ಚಿದ್ದೇನು?"

"ಒಂದ ಕಡ್ಡಿ ಗೀರಿದ್ದೆವ್ವಾ, ಒಂದು ಮೂಲಿಗೆ. ನೀರು ತರೂದ್ರಾಗ ಅಷ್ಟು ಜೋರು ಉರಿತೈತಿ ಅಂತ ನನಗೇನು ಗೊತ್ತು?" ಎಂದವನು ಹೆಂಡತಿಯತ್ತ ತಿರುಗಿದ. "ಗೊತ್ತಿದ್ದೂ ನಿಮ್ಮಪ್ಪಗ ಯಾಕ ಹೇಳಲಿಲ್ಲ?"

ಈರವ್ವ ಮಡಿಲಿನ ಸಿಪ್ಪೆ ಕೊಡವಿದಳು.

"ಏನಂತ ಹೇಳ್ಲಿ? ಇಬ್ಬನಿಗೆ ಹುಲ್ಲು ಹಸಿ ಆಗಿತ್ತು. ನೀವು ನೀರಿಗೆ ಹೋದ ಕೂಡ್ಲೆ ನಿಮ್ಮ ಬೆಂಕಿ ಆರಿಹೋತು. ಪಾಪ, ಕೊಡ ಹೊತ್ಕೊಂಡು ಬಂದು ಸಪ್ಪ ಮಾರಿ ಮಾಡ್ಕೊಂಡು ಹೋಗ್ತಾರಲ್ಲ ಅಂತ, ಚಿಮಣಿ ಎಣ್ಣಿ ಸುರುವಿ ಮತ್ತ ಹಚ್ಚಿದಾಕಿ ನಾನ."