ತಕ್ಷಣದ ಕಾರಣ

ಹಾಸ್ಟೆಲಿನ ಊಟದ ಕೋಣೆಯಲ್ಲಿ ಹೊಡೆದಾಟವಾಗಿತ್ತು. ಹೊರಹಾಕುವುದು ತಟ್ಟೆ ಎಸೆದ ಹುಡುಗನನ್ನು ಮಾತ್ರ ಎಂದು ವಾರ್ಡನ್ ತೀರ್ಮಾನಿಸಿದ್ದರು. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರೂ ಅವರೇ.

"ಮೊದಲು ಎಸೆದವನು ನೀನೇ ತಾನೆ?"

"ಹೌದು ಸಾರ್. ಆದ್ರೆ ನಮ್ಮ ಕೇರಿ ಹುಡುಗ್ರ ತಟ್ಟೆ ಮಾತ್ರ ಹೊರಗೆ ನಲ್ಲಿ ಹತ್ರ ಇಡಿಸ್ತಾರೆ. ಅನ್ನ ಮೇಲಿಂದ ಎತ್ತಿ ಹಾಕ್ತಾರೆ. ಹೋದ ವರ್ಷದಿಂದ ನಿಮಗೆ ಹೇಳ್ತಾನೇ ಇದೀವಿ."

"ಆ ಪುರಾಣ ಬೇಡ. ಇವತ್ತಿಂದು ಹೇಳು."

"ನೀವೇ ಪಾಠ ಮಾಡಿದ್ರಲ್ಲ ಸಾರ್. ಮೊದಲ ಮಹಾಯುದ್ಧಕ್ಕೆ ರಾಜಕುಮಾರನ ಕೊಲೆ ಬರೀ ತಕ್ಷಣದ ಕಾರಣ, ನಿಜವಾದ ಕಾರಣಗಳು ಎಷ್ಟೋ ವರ್ಷದಿಂದ ಒಳಗೊಳಗೇ ಬೇಯ್ತಾ ಇದ್ವು ಅಂತ. ಇವತ್ತಿನ ತಟ್ಟೆನೂ ಅಷ್ಟೇ."

ವಾರ್ಡನ್ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಪರವಾಗಿಲ್ಲ ಕಣಯ್ಯ. ಇಡೀ ಕ್ಲಾಸಲ್ಲಿ ನೀನೊಬ್ಬನಾದ್ರೂ ಪಾಠ ಕೇಳಿಸ್ಕೊಂಡಿದೀಯ."

ಹುಡುಗನಿಗೆ ಹೋದ ಜೀವ ಬಂದಂತಾಯಿತು.

"ಮುಂದಿನ ಪಾಠ ನಾಳೆ ಮಾಡೋನಿದ್ದೆ," ಎಂದರು ವಾರ್ಡನ್. "ಯುದ್ಧ ಮುಗಿದ ಮೇಲೆ, ಎಲ್ಲದಕ್ಕೂ ನಾವೇ ಕಾರಣ ಅಂತ ಸೋತವರ ಬಾಯಲ್ಲೇ ಗೆದ್ದವರು ಒಪ್ಪಿಸಿದ್ರು. ಹಾಸಿಗೆ ಸುತ್ತು."